ಒಕ್ಕಣೆಯೂ ವಿನಯವೂ

ಕಚೇರಿಗಳಲ್ಲಿ ಪತ್ರ ಬರೆಯುವ ಕೆಲಸವನ್ನೂ, ಅನಂತರ ಕಿರಿಯರು ಬರೆದುದನ್ನು ತಿದ್ದುವ ಕೆಲಸವನ್ನೂ ಬಹುಕಾಲ ಮಾಡಿದ ನನಗೆ, ಕಾರ್ಯಪತ್ರಗಳ ವಿಷಯದಲ್ಲಿ ನಮ್ಮ ಜನ ಇಟ್ಟುಕೊಂಡಿರುವ ತಪ್ಪು ನಂಬಿಕೆಗಳು ಅಪರಿಚಿತವಲ್ಲ. ಅವುಗಳಲ್ಲಿ ಹೆಚ್ಚಿನವು ಒಂದು ಮಾತಿನಲ್ಲಿ ತಿದ್ದಬಹುದಾದವು; ತಿದ್ದದೆ ಬಿಟ್ಟರೂ ಯಾರಿಗೂ ದೊಡ್ಡ ಹಾನಿ ಒದಗದು. ಆದರೆ ಒಂದು ನಂಬಿಕೆಯನ್ನು ಮಾತ್ರ ನಾನು ತಾಳ್ಮೆಯಿಂದ ನೋಡಲಾರೆ. ಪತ್ರವು ಎಷ್ಟು ಸುತ್ತಿ ಬಳಸಿ ಸಾಗುವುದೋ ಅಷ್ಟು ವಿನಯಯುಕ್ತವೆಂದೂ, ಬೇಕಾದುದನ್ನು ಬೇಕೆಂದು ಕೇಳುವುದು ಒರಟುತನವೆಂದೂ, ಅದನ್ನು ಕಡೆಯ ಸಾಲಿನವರೆಗೆ ಮರೆಯಲ್ಲಿಟ್ಟು ಅಲ್ಲಿಯೂ ಅರ್ಧ ಮುಖವನ್ನಷ್ಟೇ ತೋರಿಸುವುದು ಸೌಜನ್ಯವೆಂದೂ ಸುಶಿಕ್ಷಿತರು ಕೂಡ ಎಳ್ಳಷ್ಟು ಶಂಕೆಯಿಲ್ಲದೆ ನಂಬಿದ್ದಾರೆ. ಕಾಗದ ಹೋಗಿ ಇ-ಮೇಲ್ ಬಂದಾಗ ಈ ನಂಬಿಕೆ ಕ್ಷೀಣಿಸಬೇಕಾಗಿತ್ತು; ಕ್ಷೀಣಿಸುವ ಬದಲು ಅದು ಹಬ್ಬಿತು. ಏಕೆಂದರೆ ಹಿಂದೆ ಒಂದು ಕಚೇರಿಯಲ್ಲಿ ಪತ್ರ ಬರೆಯತಕ್ಕವರು ಮೂವರೋ ನಾಲ್ವರೋ ಇರುತ್ತಿದ್ದರು, ಅವರ ಕೈ ಪಳಗಿರುತ್ತಿತ್ತು. ಈಗ ಎಲ್ಲರೂ ಬರೆಯುತ್ತಾರೆ, ಪ್ರತಿದಿನ ಬರೆಯುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ.

ನಾನಿದ್ದ ಒಂದು ಕಚೇರಿಯಲ್ಲಿ ನಡೆದುದನ್ನು ಹೇಳುತ್ತೇನೆ. ನಮ್ಮ ವಾರ್ಷಿಕ ವರದಿಯನ್ನು ಅಚ್ಚುಹಾಕಿಕೊಟ್ಟ ಸಣ್ಣ ಮುದ್ರಣಾಲಯವೊಂದರ ಯಜಮಾನರಿಗೆ ಹಣ ಸಲ್ಲಬೇಕಾಗಿತ್ತು. ಪ್ರತಿಗಳು ಬಂದಿದ್ದುವು, ಬಿಲ್ಲು ಬಂದಿತ್ತು, ಎಣಿಕೆ ಸರಿಯಾಗಿತ್ತು. ಉಗ್ರಾಣದ ಅಧಿಕಾರಿಗಳು ಸರಕು ತಲಪಿದೆಯೆಂಬ ಪ್ರಮಾಣಪತ್ರಕ್ಕೆ ಒಂದು ಸಹಿ ಹಾಕಿಕೊಟ್ಟರೆ ಲೆಕ್ಕಪತ್ರ ಶಾಖೆ ಮಾರ್ಚ್ 31ರೊಳಗೆ ಪಾವತಿ ಮಾಡಿಬಿಡುತ್ತಿತ್ತು. ಆ ದಿನ ದಾಟಿದರೆ ಅನುದಾನ ಲ್ಯಾಪ್ಸ್ ಆಗುವುದೆಂಬುದು ಕಚೇರಿಯ ಜವಾನರಿಗೂ ತಿಳಿದ ಸಂಗತಿ. ನಮ್ಮ ಶಾಖೆಯ ತರುಣರೊಬ್ಬರು, ಚೆನ್ನಾಗಿ ಓದಿದವರು, ಸ್ವಭಾವದಿಂದ ಬಹು ಮೃದುವಾದವರು, ಮಾರ್ಚ್ 18ರಂದು ಆ ಅಧಿಕಾರಿಗಳಿಗೆ ಮೇಲ್ ಕಳುಹಿಸಿದರು. ವಿಷಯದ ಸಾಲಿನಲ್ಲಿ ‘ಬಿಲ್ಲಿನ ಬಗ್ಗೆ’ ಎಂದಿತ್ತು. ಒಳಗಣ ಒಕ್ಕಣೆ ಹೆಚ್ಚುಕಡಮೆ ಹೀಗಿತ್ತು:

“ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ತಮ್ಮ ಕಾರ್ಯಬಾಹುಳ್ಯದ ನಡುವೆಯೂ ನಮ್ಮ ಶಾಖೆಗೆ ತಾವು ನೀಡುತ್ತ ಬಂದಿರುವ ಸಹಕಾರವು ಅವಿಸ್ಮರಣೀಯವಾಗಿದ್ದು, ಸದರಿ ವಾರ್ಷಿಕ ವರದಿಯ ಮುದ್ರಣ ಕಾರ್ಯವು ಪೂರ್ಣಗೊಂಡಿರುವುದನ್ನು ತಮ್ಮ ಅವಗಾಹನೆಗೆ ತರಬಯಸುತ್ತಾ, ಸದರಿ ಬಿಲ್ಲನ್ನು ಇದರೊಂದಿಗೆ ಲಗತ್ತಿಸಲಾಗಿದ್ದು, ತಾವು ಸೂಕ್ತವೆಂದು ಭಾವಿಸಿದಲ್ಲಿ ಮುಂದಿನ ಅಗತ್ಯ ಕ್ರಮ ಕೈಗೊಳ್ಳಲಾಗುವುದೆಂಬ ಭರವಸೆಯೊಂದಿಗೆ, ತಮ್ಮ ವಿಶ್ವಾಸಿ.”

ವಾಚಕರು ಇದನ್ನು ಇನ್ನೊಮ್ಮೆ ಓದಬೇಕು. ಪ್ರಮಾಣಪತ್ರ ಎಂಬ ಮಾತು ಇದರಲ್ಲಿ ಎಲ್ಲಿಯೂ ಇಲ್ಲ. ಸಹಿ ಎಂಬ ಮಾತಿಲ್ಲ. ಮಾರ್ಚ್ 31 ಎಂಬ ತಾರೀಕಿಲ್ಲ. ‘ಸವಿನಯಪೂರ್ವಕ’ ಎಂಬಲ್ಲಿ ವಿನಯವನ್ನು ಹಿಂದಿನಿಂದ ಒಮ್ಮೆ, ಮುಂದಿನಿಂದ ಒಮ್ಮೆ ಕಟ್ಟಿದೆ; ‘ಸವಿನಯ’ ಎಂದರೂ ಸಾಕು, ‘ವಿನಯಪೂರ್ವಕ’ ಎಂದರೂ ಸಾಕು, ಎರಡನ್ನೂ ಹೆಣೆದರೆ ವ್ಯಾಕರಣ ಕೆಡುವುದೇ ಹೊರತು ವಿನಯ ಇಮ್ಮಡಿಯಾಗುವುದಿಲ್ಲ. ‘ಕ್ರಮ ಕೈಗೊಳ್ಳಲಾಗುವುದು’ ಎಂದಿದೆ. ಕೈಗೊಳ್ಳುವವರು ಯಾರು, ಬರೆದವರೋ ಓದುವವರೋ? ಎಲ್ಲಕ್ಕಿಂತ ಮಿಗಿಲಾಗಿ, ಕನ್ನಡ ಕಚೇರಿಗಳಲ್ಲಿ ‘ಅವಗಾಹನೆಗೆ’ ಎಂದರೆ ತಿಳಿದುಕೊಂಡಿರಿ ಎಂದರ್ಥವೇ ಹೊರತು ಮಾಡಿಕೊಡಿ ಎಂದರ್ಥವಲ್ಲ. ಆ ಅಧಿಕಾರಿಗಳು ಪತ್ರವನ್ನು ಓದಿದರು, ತಮಗೆ ತಿಳಿದಿರಲೆಂದು ಬಂದ ಪತ್ರವೆಂದು ಬಗೆದರು, ತಿಳಿದುಕೊಂಡು ಸುಮ್ಮನಾದರು. ಅವರಲ್ಲಿ ನಾನು ಯಾವ ದೋಷವನ್ನೂ ಕಾಣೆ. ಮಾರ್ಚ್ ತಿಂಗಳು ಕಳೆಯಿತು, ಅನುದಾನ ಹೋಯಿತು. ಸಾಲದ ಮೇಲೆ ಕಾಗದ ಕೊಂಡು ಅಚ್ಚುಹಾಕಿದ ಆ ಯಜಮಾನರು ಏಪ್ರಿಲ್‌ನಿಂದ ವಾರಕ್ಕೊಮ್ಮೆ ಬಂದು ನಮ್ಮ ಮೆಟ್ಟಿಲು ಹತ್ತತೊಡಗಿದರು.

“ಅಲ್ಲಪ್ಪ, ಪ್ರಮಾಣಪತ್ರಕ್ಕೆ ಸಹಿ ಬೇಕು, ಇಂಥ ತಾರೀಕಿನೊಳಗೆ ಬೇಕು ಎಂದು ಒಂದು ಸಾಲು ಏಕೆ ಬರೆಯಲಿಲ್ಲ?” ಎಂದು ನಾನು ಆ ತರುಣರನ್ನು ಕೇಳಿದೆ. “ಸಾರ್, ಅವರು ಹಿರಿಯರು. ಇಂಥ ದಿನದೊಳಗೆ ಕೊಡಿ ಅಂತ ಅವರಿಗೆ ಹೇಗೆ ಸಾರ್ ಬರೆಯೋದು? ಆರ್ಡರ್ ಮಾಡಿದ ಹಾಗಾಗಲ್ವಾ?” ಎಂದರು. ಮನಸ್ಸು ಒಳ್ಳೆಯದು, ಅದರಲ್ಲಿ ಕುಳಿತಿದ್ದ ನಂಬಿಕೆ ಕೆಟ್ಟದು. ಯಾವ ಹಿರಿಯರ ಗೌರವಕ್ಕೆ ಕುಂದು ಬಾರದಿರಲೆಂದು ಅವರು ತಾರೀಕನ್ನು ಬಚ್ಚಿಟ್ಟರೋ, ಆ ಹಿರಿಯರಿಗೇ ಮುಂದೆ ವಿಳಂಬಕ್ಕೆ ಸಮಜಾಯಿಷಿ ಕೇಳಿ ನೋಟೀಸು ಬಂತು. ಕೆಲಸ ಏನೆಂದು ಸ್ಪಷ್ಟವಾಗಿ ತಿಳಿಸದೆ ಕೆಲಸವಾಗಲಿಲ್ಲವೆಂಬ ಅಪವಾದಕ್ಕೆ ಒಬ್ಬರನ್ನು ಗುರಿಮಾಡುವುದು ಯಾವ ಬಗೆಯ ವಿನಯ?

ಈ ಮಾತನ್ನೆತ್ತಿದಾಗಲೆಲ್ಲ ಒಂದು ಸಿದ್ಧ ಉತ್ತರ ಬರುತ್ತದೆ: ನೇರವಾಗಿ ಬರೆಯುವುದು ಪಾಶ್ಚಾತ್ಯರ ರೀತಿ, ಬಳಸಿ ಬರೆಯುವುದು ನಮ್ಮ ಸಂಸ್ಕೃತಿ ಎಂದು. ಹೀಗೆನ್ನುವವರು ನಮ್ಮ ಸಂಸ್ಕೃತಿಯ ಗ್ರಂಥಗಳನ್ನು ತೆರೆದು ನೋಡಿದವರಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯೊಂದನ್ನು ಓದಿ, ಪರಿಷ್ಕರಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಗ್ರಂಥರೂಪದಲ್ಲಿ ಹೊರತಂದು ಆರ್. ಶಾಮಶಾಸ್ತ್ರಿಗಳು ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯವು ರಾಜಪತ್ರಗಳನ್ನು ಬರೆಯುವ ಬಗೆಯನ್ನು ಕುರಿತದ್ದು. ಅಲ್ಲಿ ಲೇಖನಕ್ಕೆ ಆರು ಗುಣಗಳನ್ನು ಹೇಳಿದೆ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಮೊದಲನೆಯದಾದ ಅರ್ಥಕ್ರಮವೆಂದರೇನು? ಪ್ರಧಾನವಾದ ಅರ್ಥವನ್ನು ಮೊದಲು ಇರಿಸಿ, ಉಳಿದುದನ್ನು ಅನುಕ್ರಮವಾಗಿ ಜೋಡಿಸುವುದು. ಮುಖ್ಯ ವಿಷಯ ಮೊದಲ ಸಾಲಿನಲ್ಲಿ ಇರಬೇಕೆಂದು ಈಗಿನ ತರಬೇತಿಯವರು ಹೊಸ ಶೋಧವೆಂಬಂತೆ ಕಲಿಸುವುದನ್ನು ಈ ನೆಲದ ಲೇಖಕರು ಅಷ್ಟು ಹಿಂದೆಯೇ, ಅದೂ ಗುಣಗಳಲ್ಲಿ ಮೊದಲ ಸ್ಥಾನ ಕೊಟ್ಟು, ಬಲ್ಲವರಾಗಿದ್ದರು. ಪರಿಪೂರ್ಣತೆಯೆಂದರೆ ಅರ್ಥ, ಪದ, ಅಕ್ಷರ ಇವು ಮೂರೂ ಕಡಮೆಯಾಗದೆ ಹೆಚ್ಚೂ ಆಗದೆ ಇರುವುದು. ಎಂದರೆ ‘ಅವಿಸ್ಮರಣೀಯ ಸಹಕಾರ’ವನ್ನು ತುಂಬಿ ತಾರೀಕನ್ನು ಬಿಟ್ಟ ಪತ್ರ ಎರಡು ಕಡೆಯಿಂದಲೂ ಅಪೂರ್ಣ. ಸ್ಪಷ್ಟತ್ವವೆಂದರೆ ಎಲ್ಲರೂ ಅರಿತಿರುವ ಶಬ್ದಗಳನ್ನು ಬಳಸುವುದು. ಔದಾರ್ಯವೆಂದರೆ ಗ್ರಾಮ್ಯವಲ್ಲದ ಮಾತು. ಮಾಧುರ್ಯಕ್ಕೂ ಒಂದು ಸ್ಥಾನವುಂಟೆಂಬುದನ್ನು ಗಮನಿಸಬೇಕು. ಆದರೆ ಅದು ಆರರಲ್ಲಿ ಒಂದು, ಅರ್ಥಕ್ರಮದ ಅನಂತರದ್ದು.

ದೋಷಗಳೂ ಅಲ್ಲಿ ಎಣಿಕೆಯಾಗಿವೆ. ಪುನರುಕ್ತ ಒಂದು ದೋಷ. ಹಿಂದೆ ಹೇಳಿದುದಕ್ಕೆ ಮುಂದೆ ಹೇಳಿದುದು ವಿರುದ್ಧವಾಗುವ ವ್ಯಾಘಾತ ಒಂದು ದೋಷ. ಲಿಂಗ ವಚನ ಕಾಲ ಕಾರಕಗಳನ್ನು ಕೆಡಿಸುವ ಅಪಶಬ್ದ ಒಂದು ದೋಷ. ವಿಂಗಡಿಸಬೇಕಾದಲ್ಲಿ ವಿಂಗಡಿಸದೆ, ವಿಂಗಡಿಸಬಾರದಲ್ಲಿ ವಿಂಗಡಿಸುವ ಸಂಪ್ಲವವೂ ದೋಷ. ನಮ್ಮ ಮೇಲ್‌ಗಳಲ್ಲಿ ಒಂದೇ ಒಂದು ಪ್ಯಾರಾಗ್ರಾಫಿನೊಳಗೆ ಮೂರು ಕೋರಿಕೆಗಳನ್ನು ತುರುಕಿ, ಮೂರರಲ್ಲಿ ಎರಡಕ್ಕೆ ಉತ್ತರ ಬಾರದೆ ಹೋದಾಗ ಎದುರಿನವರನ್ನು ದೂರುವ ಪದ್ಧತಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿ ಸಿಕ್ಕೀತು? ಹಾಗೆಂದು ಕೌಟಿಲ್ಯನು ಗೌರವವನ್ನು ಅಲಕ್ಷಿಸಿದವನಲ್ಲ. ಪತ್ರ ಯಾರಿಗೆ ಹೋಗುವುದೋ ಅವರ ಸ್ಥಾನ, ವಯಸ್ಸು, ವಿದ್ಯೆ, ಕಾರ್ಯ, ಶೀಲ, ದೇಶಕಾಲಗಳನ್ನು ನೋಡಿ ಆ ವ್ಯಕ್ತಿಗೆ ಅನುರೂಪವಾಗಿ ಬರೆಯಬೇಕೆಂದು ಆತನೇ ವಿಧಿಸಿದ್ದಾನೆ. ಸಂಬೋಧನೆಯಲ್ಲಿ ಗೌರವವಿರಲಿ, ಒಡಲಿನಲ್ಲಿ ಅರ್ಥವಿರಲಿ; ಒಂದರ ಸ್ಥಳವನ್ನು ಇನ್ನೊಂದು ಆಕ್ರಮಿಸದಿರಲಿ. ಆ ಅಧ್ಯಾಯದಿಂದ ನಾನು ಪಡೆದ ಬುದ್ಧಿ ಇದು.

ಶಾಸ್ತ್ರದ ಮಾತು ದೂರದ್ದೆನಿಸಿದರೆ ಮನೆಯ ಹಳೆಯ ಕಾಗದಗಳನ್ನು ನೋಡಬಹುದು. ತಂದೆಗೆ ಬರೆಯುವಾಗ ‘ತೀರ್ಥರೂಪ’ ಎಂದೂ, ಕಿರಿಯರಿಗೆ ಬರೆಯುವಾಗ ‘ಚಿರಂಜೀವಿ’ ಎಂದೂ ಸಂಬೋಧಿಸಿ, ನಮಸ್ಕಾರವನ್ನೋ ಆಶೀರ್ವಾದವನ್ನೋ ಒಂದು ಸಾಲಿನಲ್ಲಿ ಸಲ್ಲಿಸಿ, ‘ಉಭಯಕುಶಲೋಪರಿ ಸಾಂಪ್ರತ’ ಎಂದು ಬರೆಯುವುದು ರೂಢಿಯಾಗಿತ್ತು. ಆ ಸೂತ್ರದ ಅರ್ಥವನ್ನು ಯೋಚಿಸಿದವರು ವಿರಳ. ಎರಡು ಕಡೆಯ ಕುಶಲದ ಮೇಲೆ, ಇನ್ನು ಪ್ರಸ್ತುತ ವಿಷಯ ಎಂಬುದು ಅದರ ಭಾವ. ಎಂದರೆ ಉಪಚಾರ ಇಲ್ಲಿಗೆ ಮುಗಿಯಿತು, ಕೆಲಸದ ಮಾತು ಇಲ್ಲಿಂದ ಹೊರಟಿತು ಎಂದು ಸಾರುವ ಹೊಸ್ತಿಲು ಅದು. ಅದನ್ನು ದಾಟಿದೊಡನೆ ಗದ್ದೆಯ ಕಂದಾಯ ಕಟ್ಟಬೇಕು, ಐವತ್ತು ರೂಪಾಯಿ ಮನಿಯಾರ್ಡರು ಮಾಡುವುದು ಎಂಬ ಮಾತು ನೇರವಾಗಿ ಬರುತ್ತಿತ್ತು. ಅಕ್ಷರಾಭ್ಯಾಸ ನಾಲ್ಕನೆಯ ತರಗತಿಗೆ ನಿಂತ ಹೆಂಗಸರೂ ಗಂಡಸರೂ ಬರೆದ ಅಂಥ ಕಾರ್ಡುಗಳಲ್ಲಿ, ಒಂದು ಅಂಗೈಯಗಲದ ಜಾಗದಲ್ಲಿ, ಗೌರವವೂ ಇತ್ತು, ವಿಷಯವೂ ಇತ್ತು, ತಾರೀಕೂ ಇತ್ತು. ಸುತ್ತುಬಳಸು ನಮ್ಮ ಪರಂಪರೆಯೆಂದರೆ ಅವರ ಸ್ಮರಣೆಗೆ ಅನ್ಯಾಯವಾಗುತ್ತದೆ.

ಹಾಗಾದರೆ ಈ ಬಳಸುಮಾತು ಬಂದದ್ದು ಎಲ್ಲಿಂದ? ಅದರ ಬಹುಭಾಗ ಆಂಗ್ಲರ ಆಡಳಿತದ ಕಾಗದಪತ್ರಗಳಿಂದ ಬಂದದ್ದು. ‘ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಮುಗಿಸುವುದು ಆ ಕಾಲದ ಅಧಿಕೃತ ಒಕ್ಕಣೆ; ನಮ್ಮ ‘ತಮ್ಮ ವಿಧೇಯ’ ಅದರ ಮರಿ. ‘ಡು ದಿ ನೀಡ್‌ಫುಲ್’ ಎಂಬುದು ‘ಮುಂದಿನ ಅಗತ್ಯ ಕ್ರಮಕ್ಕಾಗಿ’ ಎಂದಾಯಿತು. ಆಂಗ್ಲರು ತಮ್ಮ ನಾಡಿನಲ್ಲಿ ಈ ರೀತಿಯನ್ನು ಕಳಚಿಹಾಕಿದರು. ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿ 1948ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಪುಟ್ಟ ಪುಸ್ತಕ ಬರೆದು, ಸರಕಾರಿ ನೌಕರರು ಸರಳವಾಗಿ ಬರೆಯಬೇಕೆಂದು ಬೋಧಿಸಿದರು. ಆ ಪುಸ್ತಕ ಇಂದಿಗೂ ಅಲ್ಲಿ ಓದಲ್ಪಡುತ್ತಿದೆ. ಅವರು ಕಳಚಿದ ಕೋಟನ್ನು ನಾವು ತೊಟ್ಟುಕೊಂಡು ಇದು ನಮ್ಮ ತಾತಂದಿರ ಅಂಗವಸ್ತ್ರ ಎನ್ನುತ್ತಿದ್ದೇವೆ.

ಇನ್ನೊಂದು ಅಂಶವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಕನ್ನಡದಲ್ಲಿ ಗೌರವವು ಕ್ರಿಯಾಪದದ ಒಳಗೇ ಇದೆ. ‘ಬಾ’ ಎಂಬುದಕ್ಕೂ ‘ಬನ್ನಿ’ ಎಂಬುದಕ್ಕೂ ಇರುವ ಅಂತರವನ್ನು ಹೇಳಲು ಇಂಗ್ಲಿಷಿನಲ್ಲಿ ಒಂದು ಪ್ರತ್ಯಯವಿಲ್ಲ. ಆದುದರಿಂದ ಆ ಭಾಷೆ ‘ಪ್ಲೀಸ್’ ಎಂಬ ಹೊರಗಿನ ಪದವನ್ನೂ, ‘ಕುಡ್ ಯು’ ‘ವುಡ್ ಯು’ ಎಂಬ ಪ್ರಶ್ನೆಯ ವೇಷವನ್ನೂ ಆಶ್ರಯಿಸಬೇಕಾಯಿತು. ನಮ್ಮ ಮನೆಗೆ ಬಂದ ಅತಿಥಿಗಳಿಗೆ ನಾವು ಏನೆನ್ನುತ್ತೇವೆ? ಬನ್ನಿ, ಕೂತುಕೊಳ್ಳಿ, ಕೈಕಾಲು ತೊಳೆದುಕೊಳ್ಳಿ, ಊಟಕ್ಕೆ ಏಳಿ. ಎಲ್ಲವೂ ವಿಧ್ಯರ್ಥ, ಒಂದರಲ್ಲಿಯೂ ‘ದಯವಿಟ್ಟು’ ಇಲ್ಲ, ಒಂದನ್ನೂ ಯಾರೂ ಅಪ್ಪಣೆಯೆಂದು ಬಗೆದಿಲ್ಲ. ಅಲ್ಲಿ ‘ದಯವಿಟ್ಟು ಊಟ ಮಾಡಿ’ ಎಂದರೆ ಬಂದವರು ಮುನಿಸಿಕೊಂಡಿದ್ದಾರೋ ಎಂದು ಪಕ್ಕದವರು ತಿರುಗಿ ನೋಡಿಯಾರು. ಇದರ ಮೇಲೆ ‘ಕೊಡು’ ಎಂಬ ಸಹಾಯಕ ಧಾತುವೊಂದು ಸೇರಿದರೆ ಉಪಕಾರದ ಸ್ಮರಣೆಯೂ ಬಂದುಬಿಡುತ್ತದೆ: ‘ಕಳುಹಿಸಿ’ ಎಂಬುದು ಕೋರಿಕೆ, ‘ಕಳುಹಿಸಿಕೊಡಿ’ ಎಂಬುದು ನನಗೊಂದು ಉಪಕಾರವಾಗಲಿ ಎಂಬ ಕೋರಿಕೆ. ಇನ್ನೂ ನಯ ಬೇಕಾದಲ್ಲಿ ‘ಕಳುಹಿಸಿಕೊಡಬೇಕೆಂದು ಕೋರುತ್ತೇನೆ’ ಎನ್ನಬಹುದು. ಇಷ್ಟು ಸೂಕ್ಷ್ಮವಾದ ಸಾಧನವನ್ನು ಕೈಯಲ್ಲಿಟ್ಟುಕೊಂಡು, ಇಂಗ್ಲಿಷಿನ ಕೊರತೆಯನ್ನು ತುಂಬಲು ಹುಟ್ಟಿದ ಬಳಸುದಾರಿಯನ್ನು ಅನುವಾದಿಸಿ, ‘ತಮಗೆ ಕಳುಹಿಸಲು ಸಾಧ್ಯವಾಗಬಹುದೇ ಎಂದು ತಿಳಿಯಬಯಸುತ್ತೇನೆ’ ಎಂದು ಬರೆಯುವವರನ್ನು ನೋಡಿದರೆ ನನಗೆ ವ್ಯಥೆಯಾಗುತ್ತದೆ. ಕನ್ನಡದಲ್ಲಿ ಅದು ಕೋರಿಕೆಯಲ್ಲ, ಎದುರಿನವರ ಸಾಮರ್ಥ್ಯವನ್ನು ಕುರಿತ ಪ್ರಶ್ನೆ.

ಸಂಬೋಧನೆಯಲ್ಲಿಯೂ ಕನ್ನಡ ಶ್ರೀಮಂತವಾಗಿದೆ. ಓದುವವರು ಹೆಣ್ಣೋ ಗಂಡೋ ತಿಳಿಯದೆ ‘ಡಿಯರ್ ಸರ್’ ಎಂದು ಬರೆದು ಮುಜುಗರಪಡುವ ಪ್ರಸಂಗ ನಮಗೆ ಬೇಡ. ‘ಮಾನ್ಯರೇ’ ಎಂಬ ಬಹುವಚನ ಇಬ್ಬರಿಗೂ ಸಮಾನವಾಗಿ ಸಲ್ಲುತ್ತದೆ. ಆದರೆ ಕರ್ತೃವನ್ನು ಅಡಗಿಸುವ ‘ಸಲ್ಲಿಸಲಾಗಿದೆ’, ‘ಕೋರಲಾಗಿದೆ’, ‘ಪರಿಶೀಲಿಸಲಾಗುವುದು’ ಎಂಬ ಪ್ರಯೋಗಗಳನ್ನು ವಿನಯವೆಂದು ನಂಬುವುದನ್ನು ಬಿಡಬೇಕು. ಮಾಡಿದವರು ಯಾರು, ಮಾಡುವವರು ಯಾರು ಎಂಬುದು ಮರೆಯಾದ ಪತ್ರದಲ್ಲಿ ಹೊಣೆಯೂ ಮರೆಯಾಗುತ್ತದೆ.

ಆ ತರುಣರೊಡನೆ ಕುಳಿತು ನಾನು ಆ ಪತ್ರವನ್ನು ತಿದ್ದಿದೆ. ಕಾಲ ಮಿಂಚಿದ್ದರೂ, ಮುಂದಿನದಕ್ಕಾಗಲಿ ಎಂದು. ವಿಷಯದ ಸಾಲು ‘ವಾರ್ಷಿಕ ವರದಿಯ ಬಿಲ್ಲು: ಪ್ರಮಾಣಪತ್ರಕ್ಕೆ ಮಾರ್ಚ್ 25ರೊಳಗೆ ಸಹಿ ಕೋರಿ’ ಎಂದಾಯಿತು. ಒಡಲು ಹೀಗಾಯಿತು: “ಮಾನ್ಯರೇ, ಇದರೊಡನೆ ಇರುವ ಪ್ರಮಾಣಪತ್ರಕ್ಕೆ ತಾವು ಸಹಿಮಾಡಿ ಮಾರ್ಚ್ 25ರೊಳಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ವಾರ್ಷಿಕ ವರದಿಯ 500 ಪ್ರತಿಗಳು ಮಾರ್ಚ್ 14ರಂದು ಉಗ್ರಾಣಕ್ಕೆ ತಲಪಿವೆ. ಬಿಲ್ಲಿನ ಪ್ರತಿಯನ್ನೂ ಇಟ್ಟಿದ್ದೇನೆ. ಮಾರ್ಚ್ 31 ಕಳೆದರೆ ಈ ವರ್ಷದ ಅನುದಾನದಿಂದ ಮುದ್ರಕರಿಗೆ ಹಣ ಕೊಡಲಾಗುವುದಿಲ್ಲ. ಎಣಿಕೆಯಲ್ಲಿ ಸಂದೇಹವಿದ್ದರೆ ತಿಳಿಸಿ, ನಾನೇ ಬಂದು ತೋರಿಸುತ್ತೇನೆ.” ಇದರಲ್ಲಿ ಅಪ್ಪಣೆ ಎಲ್ಲಿದೆ? ಗಡುವನ್ನು ವಿಧಿಸಿದವರು ಬರೆದವರಲ್ಲ, ಆರ್ಥಿಕ ವರ್ಷದ ಕೊನೆ ವಿಧಿಸಿದ್ದು. ಆ ಕಾರಣವನ್ನು ಹೇಳಿದುದರಿಂದಲೇ ತಾರೀಕಿನ ಕಾಠಿನ್ಯ ಹೋಯಿತು. ನಾನೇ ಬಂದು ತೋರಿಸುತ್ತೇನೆ ಎಂಬ ಮಾತಿನಲ್ಲಿರುವ ವಿಧೇಯತೆ ‘ಅವಿಸ್ಮರಣೀಯ’ ಎಂಬ ವಿಶೇಷಣದಲ್ಲಿ ಇಲ್ಲ. ಓದುವವರ ಶ್ರಮವನ್ನು ಬರೆಯುವವರು ತಾವು ಹೊತ್ತುಕೊಳ್ಳುವುದನ್ನು ಬಿಟ್ಟು ಕಾರ್ಯಪತ್ರದಲ್ಲಿ ಬೇರೆ ಸೌಜನ್ಯವನ್ನು ನಾನು ಕಂಡಿಲ್ಲ.

ನೇರವೆಂದರೆ ಮೊಟಕು ಎಂದು ಇದರಿಂದ ಯಾರೂ ತಿಳಿಯಬಾರದು. ಕಾರಣವಿಲ್ಲದೆ, ಸಂಬೋಧನೆಯಿಲ್ಲದೆ, ‘ಫೈಲ್ ಕಳುಹಿಸಿ’ ಎಂದು ಎರಡು ಪದ ಎಸೆಯುವವರೂ ಇದ್ದಾರೆ; ಪರಿಚಿತರಲ್ಲಿ ಅದು ನಡೆದೀತು, ಅಪರಿಚಿತರಿಗೆ ಅದು ಕುಟ್ಟಿದಂತಾಗುತ್ತದೆ. ಇಲ್ಲವೆನ್ನಬೇಕಾದ ಪತ್ರದಲ್ಲಿ ಇಲ್ಲವೆಂಬುದನ್ನು ಬೇಗನೆ ಹೇಳಿ, ಏಕೆಂಬುದನ್ನು ಹೇಳಿ, ಮಾಡಬಹುದಾದ ಬೇರೆ ಏನಾದರೂ ಇದ್ದರೆ ಅದನ್ನೂ ಹೇಳಬೇಕು. ‘ಪರಿಶೀಲನೆಯಲ್ಲಿದೆ’ ಎಂದು ಆರು ತಿಂಗಳು ಆಸೆ ತೋರುವುದು ಕರುಣೆಯಲ್ಲ. ನೆನಪೋಲೆಯಲ್ಲಿ ‘ಈ ಹಿಂದೆಯೇ ತಿಳಿಸಿರುವಂತೆ’ ಎಂಬ ಮಾತು ಕುಟುಕುತ್ತದೆ. ಅದರ ಬದಲು ಹಿಂದಿನ ಪತ್ರವನ್ನು ಕೆಳಗಿಟ್ಟು, ಕೋರಿಕೆಯನ್ನು ಹೊಸದಾಗಿ ಒಂದು ಸಾಲಿನಲ್ಲಿ ಬರೆದರೆ ಹುಡುಕುವ ಶ್ರಮವೂ ತಪ್ಪುತ್ತದೆ. ‘ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬುದು ಕ್ಷಮಾಯಾಚನೆಯಲ್ಲ. ‘ಸೋಮವಾರ ಕಳುಹಿಸುತ್ತೇನೆಂದು ಹೇಳಿ ಗುರುವಾರ ಕಳುಹಿಸಿದೆ, ತಪ್ಪು ನನ್ನದು’ ಎಂಬುದು ಕ್ಷಮಾಯಾಚನೆ.

ಉಳಿದ ನಂಬಿಕೆಗಳಿಗೆ ಹೆಚ್ಚು ಸ್ಥಳ ಬೇಡ. ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಗಮನ ಸೆಳೆಯುತ್ತದೆಂಬುದು ಸುಳ್ಳು. ಅದು ಕಿರುಚಿದಂತಾಗುತ್ತದೆಂದು 1995ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಆರ್‌ಎಫ್‌ಸಿ 1855’ ಎಂಬ ಅಂತರ್ಜಾಲ ಶಿಷ್ಟಾಚಾರದ ದಾಖಲೆಯೇ ಎಚ್ಚರಿಸಿದೆ. ಕನ್ನಡಕ್ಕೆ ದೊಡ್ಡಕ್ಷರವಿಲ್ಲವಾದುದರಿಂದ ನಮ್ಮವರು ಕೆಂಪು ಬಣ್ಣವನ್ನೂ ಸಾಲುಸಾಲು ಉದ್ಗಾರಚಿಹ್ನೆಗಳನ್ನೂ ಬಳಸಿ ಅದೇ ಫಲ ಪಡೆಯುತ್ತಾರೆ. ‘ಸಿಸಿ’ಯಲ್ಲಿ ಮೇಲಧಿಕಾರಿಗಳ ಹೆಸರು ಹಾಕಿದರೆ ಕೆಲಸ ಬೇಗ ಆಗುತ್ತದೆಂದು ನಂಬಿ ಎಲ್ಲ ಪತ್ರಕ್ಕೂ ಹಾಗೆ ಮಾಡುವವರು, ಕಾರ್ಬನ್ ಕಾಗದದ ಪ್ರತಿಯಿಂದ ಬಂದ ಆ ಸಾಲು ಮಾಹಿತಿಗೆಂದು ಇರುವುದೇ ಹೊರತು ಬೆದರಿಕೆಗೆಂದಲ್ಲ ಎಂಬುದನ್ನು ಮರೆತಿದ್ದಾರೆ. ಕಳುಹಿಸಿದ ಮೇಲ್ ಅನ್ನು ಬೇಕೆಂದಾಗ ಹಿಂದಕ್ಕೆ ಕರೆಸಿಕೊಳ್ಳಬಹುದೆಂಬುದೂ ಭ್ರಮೆ: ಜಿಮೇಲ್‌ನ ‘ಅನ್‌ಡೂ’ ಹೆಚ್ಚೆಂದರೆ 30 ಸೆಕೆಂಡು ಪತ್ರವನ್ನು ತಡೆಹಿಡಿಯುತ್ತದೆ, ಔಟ್‌ಲುಕ್‌ನ ‘ರಿಕಾಲ್’ ತನ್ನದೇ ಸಂಸ್ಥೆಯ ಹೊರಗೆ ಹೋದ ಪತ್ರವನ್ನು ಮುಟ್ಟಲಾರದು. ಇ-ಮೇಲ್‌ಗೆ ಸಹಿ ಇಲ್ಲ, ಆದುದರಿಂದ ಅದಕ್ಕೆ ಬದ್ಧತೆಯಿಲ್ಲ ಎನ್ನುವವರು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವನ್ನು ಓದಬೇಕು. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್‌ಗಳ ವಿನಿಮಯದಿಂದಲೇ ಕರಾರು ಏರ್ಪಟ್ಟಿತೆಂದು ತೀರ್ಮಾನಿಸಿದೆ. ಕನ್ನಡದಲ್ಲಿ ಮೇಲ್ ಬರೆದರೆ ಅಕ್ಷರಗಳು ಕೆಡುತ್ತವೆಂಬ ದೂರು ಹಳೆಯ ಫಾಂಟುಗಳ ಕಾಲದ್ದು. ಯೂನಿಕೋಡ್‌ನಲ್ಲಿ ಬರೆದುದು ಕೆಡುವುದಿಲ್ಲ, ಮತ್ತು ಕನ್ನಡವು ಈ ರಾಜ್ಯದ ಆಡಳಿತ ಭಾಷೆಯೆಂದು ಕಾನೂನಾದದ್ದು 1963ರಲ್ಲಿ.

ಇವೆಲ್ಲಕ್ಕೂ ಮೂಲ ಒಂದೇ ಎಂದು ನನಗೆ ತೋರುತ್ತದೆ. ಯಾರೋ ಹಾಗೆ ಬರೆದಿದ್ದಾರೆ, ಆದುದರಿಂದ ಹಾಗೆ ಬರೆಯತಕ್ಕದ್ದು ಎಂದು ಒಪ್ಪಿಕೊಂಡುಬಿಡುವ ಮನಸ್ಸು. ಆ ತರುಣರಿಗೆ ಅಂಥ ಒಕ್ಕಣೆಯನ್ನು ಕಲಿಸಿದವರು ಯಾರು ಎಂದು ಕೇಳಿದಾಗ, ಕಪಾಟಿನಿಂದ ಹಳೆಯ ಕಡತವೊಂದನ್ನು ತೆಗೆದು ತೋರಿಸಿದರು. ಅದರಲ್ಲಿದ್ದ ಮಾದರಿಯನ್ನು ಅವರಿಗಿಂತ ಮುಂಚಿನವರು ಇನ್ನೊಂದು ಕಡತದಿಂದ ಎತ್ತಿದ್ದರು. ಅದನ್ನು ಹುಡುಕಿ ನೋಡಿದರೆ, ಎಲ್ಲಕ್ಕೂ ತಾಯಿಯಾದ ಆ ಪತ್ರ ನೌಕರರೊಬ್ಬರು ದೀರ್ಘ ರಜೆಯನ್ನು ಬೇಡಿ ಬರೆದ ಅರ್ಜಿಯಾಗಿತ್ತು! ಬೇಡುವವರ ಅರ್ಜಿಯ ದೈನ್ಯವು ಸಮಾನರ ನಡುವಣ ಕೆಲಸದ ಪತ್ರಕ್ಕೆ ಏಕೆ ಬೇಕು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಲಿಲ್ಲ. ಇದೇ ಮನಸ್ಸು ಮುಂಜಾನೆ ಫೋನಿಗೆ ಬಂದ ಔಷಧದ ಸಲಹೆಯನ್ನು ಮೂಲ ವಿಚಾರಿಸದೆ ಇಪ್ಪತ್ತು ಮಂದಿಗೆ ದಾಟಿಸುತ್ತದೆ. ಇದೇ ಮನಸ್ಸು ಈಗ ಯಂತ್ರವು ಬರೆದುಕೊಟ್ಟ ಪತ್ರವನ್ನು ಓದಿಯೂ ನೋಡದೆ ಕಳುಹಿಸುತ್ತದೆ. ಯಂತ್ರಕ್ಕೆ ಒಕ್ಕಣೆ ತಿಳಿದಿರಬಹುದು. ನಿಮ್ಮ ಮುದ್ರಕರಿಗೆ ಹಣ ಯಾವ ತಾರೀಕಿನೊಳಗೆ ಸಲ್ಲಬೇಕೆಂಬುದನ್ನು ನೀವು ಹೇಳದೆ ಅದು ಅರಿಯದು. ನಂಬುವುದಕ್ಕೆ ಮುಂಚೆ ಒಮ್ಮೆ ಕೇಳುವುದು ಅವಿನಯವೆಂದು ನಮಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟರೋ, ಅಲ್ಲಿಂದಲೇ ಈ ಕೇಡು ಹೊರಟಿರಬೇಕು.

ಕಚೇರಿಗಳಲ್ಲಿ ಹಿರಿಯ ಸ್ಥಾನದಲ್ಲಿರುವ ವಾಚಕರನ್ನು ನಾನು ಬೇಡುವುದು ಒಂದನ್ನೇ. ನಿಮ್ಮ ಕೈಕೆಳಗಿನ ಕಿರಿಯರು ಬೇಕಾದುದನ್ನು ಮೊದಲ ಸಾಲಿನಲ್ಲಿ ಕೇಳಿ, ತಾರೀಕು ಬರೆದು, ಕಾರಣ ತಿಳಿಸಿ ನಿಮಗೆ ಮೇಲ್ ಕಳುಹಿಸಿದಾಗ, ಅದನ್ನು ಉದ್ಧಟತನವೆಂದು ಬಗೆಯಬೇಡಿ. ಆ ಪತ್ರ ಚೆನ್ನಾಗಿದೆಯೆಂದು ಅವರಿಗೆ ಹೇಳಿ. ಕಿರಿಯರ ಭಯ ಹೋಗುವುದು ನಿಮ್ಮ ಆ ಒಂದು ಮಾತಿನಿಂದಲೇ. ಆ ಮುದ್ರಣಾಲಯದ ಯಜಮಾನರಿಗೆ ಹಣ ಕೈಸೇರಿದ್ದು ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ.